ಲಾರಿಯ ಹಿಂದಿನ ಜೋಡಿ ಟೈರುಗಳು: ಸ್ಥಳ ಬದಲಾವಣೆ ಮತ್ತು ಹೊಸ ಟೈರಿನ ಜೋಡಣೆ

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಾಠ)



ಕಬ್ಬು, ಟೊಮ್ಯಾಟೊ, ಈರುಳ್ಳಿ, ತೆಂಗಿನಕಾಯಿ ಮುಂತಾದ ಬೆಳೆಗಳನ್ನು ಸ್ವಂತ ಲಾರಿಯಲ್ಲೇ ಸಾಗಿಸುವ ರೈತ ಕುಟುಂಬಗಳು ಮಂಡ್ಯ, ಬೆಳಗಾವಿ, ಬಾಗಲಕೋಟೆ, ಕೋಲಾರದಂತಹ ಜಿಲ್ಲೆಗಳಲ್ಲಿ ಅಪರೂಪವೇನಲ್ಲ. ಅಣ್ಣತಮ್ಮಂದಿರು ಸೇರಿ ಒಂದು ಹಳೆಯ ಲಾರಿ ಕೊಂಡು, ಕಟಾವಿನ ಕಾಲದಲ್ಲಿ ತಮ್ಮ ಮಾಲನ್ನು ಸಾಗಿಸಿ, ಉಳಿದ ದಿನಗಳಲ್ಲಿ ಬಾಡಿಗೆಗೆ ಓಡಿಸುವುದೂ ಉಂಟು. ಇಂತಹ ಲಾರಿಯ ಲೆಕ್ಕ ಬರೆದಿಟ್ಟವರಿಗೆ ಒಂದು ಸಂಗತಿ ಗೊತ್ತು. ಡೀಸೆಲ್ ಬಿಟ್ಟರೆ ಕೈ ಕಚ್ಚುವ ಖರ್ಚೆಂದರೆ ಟೈರಿನದು. ಆರು ಚಕ್ರದ ಲಾರಿಯಲ್ಲಿ ಆರರ ಪೈಕಿ ನಾಲ್ಕು ಟೈರು ಹಿಂದಿನ ಅಚ್ಚಿನಲ್ಲೇ ಇರುವುದರಿಂದ ಉಳಿತಾಯವಾಗಲಿ ನಷ್ಟವಾಗಲಿ ಆಗುವುದು ಹೆಚ್ಚಾಗಿ ಅಲ್ಲೇ.

ಹಿಂದಿನ ಅಚ್ಚಿನ ಒಂದೊಂದು ಪಕ್ಕಕ್ಕೂ ಎರಡೆರಡು ಟೈರು. ಒಂದು ಒಳಗಡೆ, ಒಂದು ಹೊರಗಡೆ. ಹೊರಗಿನದು ಎಲ್ಲರ ಕಣ್ಣಿಗೆ ಬೀಳುತ್ತದೆ. ಒಳಗಿನದನ್ನು ಬಗ್ಗಿ ನೋಡಬೇಕು. ಆದ್ದರಿಂದ ಅನೇಕ ಲಾರಿಗಳಲ್ಲಿ ಒಳಟೈರಿನ ಯೋಗಕ್ಷೇಮ ವಿಚಾರಿಸುವುದು ಅದು ಒಡೆದ ದಿನವೇ.

ಈ ಟೈರುಗಳು ಹೊರುವ ಭಾರವನ್ನು ಮೊದಲು ತಿಳಿಯುವುದು ಒಳ್ಳೆಯದು. ನಾಲ್ಕು ಟೈರುಗಳ ಒಂಟಿ ಅಚ್ಚಿನ ಮೇಲೆ ಕಾನೂನು ಒಪ್ಪುವ ಭಾರ ಹಿಂದೆ 10.2 ಟನ್ ಇತ್ತು. 2018ರಲ್ಲಿ ಕೇಂದ್ರ ಸರ್ಕಾರ ಅದನ್ನು 11.5 ಟನ್ನಿಗೆ ಏರಿಸಿತು. ಎರಡು ಅಚ್ಚಿನ ಲಾರಿಯ ಒಟ್ಟು ತೂಕದ ಮಿತಿ 16.2 ಟನ್ನಿನಿಂದ 18.5 ಟನ್ನಿಗೆ ಏರಿತು. ಮಿತಿ ಏರಿತೆಂದು ಟೈರಿನ ಶಕ್ತಿ ತಾನಾಗಿ ಏರುವುದಿಲ್ಲ. ಟೈರಿನ ಪಕ್ಕದ ಗೋಡೆಯ ಮೇಲೆ 146/143 ಎಂಬಂತೆ ಎರಡು ಸಂಖ್ಯೆಗಳಿರುವುದನ್ನು ನೋಡಬಹುದು. ಇವು ಭಾರದ ಗುರುತುಗಳು. ಮೊದಲನೆಯದು ಟೈರು ಒಂಟಿಯಾಗಿ ಇದ್ದಾಗ, ಎರಡನೆಯದು ಜೋಡಿಯಲ್ಲಿ ಇದ್ದಾಗ. 146 ಎಂದರೆ 3,000 ಕಿಲೋಗ್ರಾಂ, 143 ಎಂದರೆ 2,725 ಕಿಲೋಗ್ರಾಂ. ಜೋಡಿಯಲ್ಲಿ ಯಾವಾಗಲೂ ಎರಡೂ ಟೈರು ಸರಿಸಮವಾಗಿ ಹೊರುವುದಿಲ್ಲವೆಂದೇ ತಯಾರಕರು ಎರಡನೆಯ ಸಂಖ್ಯೆಯನ್ನು ಕಡಿಮೆ ಇಡುತ್ತಾರೆ. 143ರ ನಾಲ್ಕು ಟೈರು ಸೇರಿದರೆ 10,900 ಕಿಲೋಗ್ರಾಂ ಆಯಿತು. ಇದು 11.5 ಟನ್ನಿಗೆ ಸಾಲದು. ಹೆಚ್ಚಿನ ಮಿತಿಗೆ ನೋಂದಣಿಯಾದ ಲಾರಿಗೆ ಟೈರು ಕೊಳ್ಳುವಾಗ ಅಳತೆಯೊಂದನ್ನೇ ಹೇಳಿ ತರದೆ ಈ ಎರಡನೆಯ ಸಂಖ್ಯೆಯನ್ನೂ ಓದಿ ತರಬೇಕು.

ಇನ್ನು ಜೋಡಿಯ ವಿಚಾರ. ನೊಗಕ್ಕೆ ಒಂದು ಎತ್ತರದ ಎತ್ತನ್ನೂ ಒಂದು ಗಿಡ್ಡ ಎತ್ತನ್ನೂ ಕಟ್ಟಿದರೆ ಏನಾಗುತ್ತದೆಂದು ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜೋಡಿ ಟೈರಿನಲ್ಲಿ ತೊಂದರೆ ಇನ್ನೂ ಒಂದು ಕೈ ಮೇಲು. ಎತ್ತುಗಳು ಬೇರೆ ಬೇರೆ ಹೆಜ್ಜೆ ಹಾಕಬಲ್ಲವು. ಜೋಡಿ ಟೈರುಗಳೆರಡೂ ಒಂದೇ ಹಬ್ಬಿಗೆ ಬಿಗಿದಿರುವುದರಿಂದ ಒಂದು ಸುತ್ತು ಸುತ್ತಿದಾಗ ಇನ್ನೊಂದೂ ಒಂದೇ ಸುತ್ತು ಸುತ್ತಲೇಬೇಕು. ದೊಡ್ಡ ಟೈರು ಒಂದು ಸುತ್ತಿನಲ್ಲಿ ಹೆಚ್ಚು ನೆಲ ಕ್ರಮಿಸುತ್ತದೆ, ಚಿಕ್ಕದು ಕಡಿಮೆ. ಈ ವ್ಯತ್ಯಾಸವನ್ನು ತುಂಬುವ ದಾರಿ ಒಂದೇ: ಟೈರು ರಸ್ತೆಯ ಮೇಲೆ ಉಜ್ಜಿಕೊಂಡು ಎಳೆದಾಡುವುದು.

ಇದರ ಲೆಕ್ಕ ಸುಲಭ. ಲಾರಿಗಳಲ್ಲಿ ಸಾಮಾನ್ಯವಾಗಿರುವ 10.00-20 ಅಳತೆಯ ಟೈರಿನ ಸುತ್ತಳತೆ ಸುಮಾರು 3.3 ಮೀಟರ್. ಕಿಲೋಮೀಟರಿಗೆ ಹೆಚ್ಚುಕಡಿಮೆ 300 ಸುತ್ತು. ಹೊಸ ಟೈರಿನ ಗೀರು 16 ಮಿಲಿಮೀಟರ್ ಆಳವಿದ್ದು, ಅದರ ಪಕ್ಕದ ಹಳೆಯ ಟೈರಿನಲ್ಲಿ 8 ಮಿಲಿಮೀಟರ್ ಉಳಿದಿದೆ ಎನ್ನೋಣ. ವ್ಯಾಸದಲ್ಲಿ 16 ಮಿಲಿಮೀಟರ್ ಅಂತರ, ಸುತ್ತಳತೆಯಲ್ಲಿ 50 ಮಿಲಿಮೀಟರ್. ಅಂದರೆ ಕಿಲೋಮೀಟರಿಗೆ 15 ಮೀಟರ್, ನೂರು ಕಿಲೋಮೀಟರಿಗೆ ಒಂದೂವರೆ ಕಿಲೋಮೀಟರ್ ದೂರ ರಬ್ಬರು ಟಾರಿನ ಮೇಲೆ ಉಜ್ಜಿದಂತೆ. ಲಾರಿ 40,000 ಕಿಲೋಮೀಟರ್ ಓಡುವ ಹೊತ್ತಿಗೆ ಇದು 600 ಕಿಲೋಮೀಟರ್ ಆಗುತ್ತದೆ. ಭಾರಕ್ಕೆ ದೊಡ್ಡ ಟೈರು ಸ್ವಲ್ಪ ಕುಗ್ಗುವುದರಿಂದ ನಿಜವಾದ ಎಳೆತ ಇದಕ್ಕಿಂತ ಕಡಿಮೆಯಿರಬಹುದು. ಆದರೆ ಆ ಕುಗ್ಗುವಿಕೆಯೂ ಪುಕ್ಕಟೆಯಲ್ಲ. ದೊಡ್ಡ ಟೈರು ತನ್ನ ಪಾಲಿಗಿಂತ ಹೆಚ್ಚು ಭಾರ ಹೊತ್ತು ಬಿಸಿಯಾಗುತ್ತದೆ. ಚಿಕ್ಕದು ಭಾರವಿಲ್ಲದೆ ಉಜ್ಜಿ ಸವೆಯುತ್ತದೆ. ಹೊಸದು ಒಡೆಯುತ್ತದೆ, ಹಳೆಯದು ಮುಗಿಯುತ್ತದೆ.

ಇಷ್ಟಾದರೂ ಈ ಸ್ಥಿತಿ ಪ್ರತಿನಿತ್ಯ ಹುಟ್ಟುತ್ತಿರುತ್ತದೆ. ಹೇಗೆಂದರೆ, ಕಬ್ಬಿನ ಲಾರಿಯ ಒಳಟೈರು ದಾರಿಯಲ್ಲಿ ಒಡೆಯುತ್ತದೆ. ಸ್ಟೆಪ್ನಿ ಹಾಕಿ ಕಾರ್ಖಾನೆ ಮುಟ್ಟಿಸುತ್ತಾರೆ. ಮರುದಿನ ಒಂದು ಹೊಸ ಟೈರು ತಂದು, ಒಡೆದದ್ದು ಎಲ್ಲಿತ್ತೋ ಅಲ್ಲಿಗೇ ಹಾಕಿ, ಸ್ಟೆಪ್ನಿಯನ್ನು ಮತ್ತೆ ಅದರ ಜಾಗಕ್ಕೆ ಕಟ್ಟುತ್ತಾರೆ. ಅಚ್ಚುಕಟ್ಟಾದ ಕೆಲಸದಂತೆಯೇ ಕಾಣುತ್ತದೆ. ಆದರೆ ಒಡೆದ ಜಾಗಕ್ಕೇ ಹೊಸ ಟೈರು ಹೋಗಬೇಕೆಂಬ ನಿಯಮವೇನೂ ಇಲ್ಲ. ಆ ಜಾಗಕ್ಕೆ ಹೋಗಬೇಕಾದದ್ದು ಪಕ್ಕದ ಟೈರಿಗೆ ಸಮನಾದ ಟೈರು.

ಸಮ ಎನ್ನುವುದನ್ನು ಕಣ್ಣಂದಾಜಿನಲ್ಲಿ ನಿರ್ಧರಿಸಬಾರದು. ಅಳೆಯಬೇಕು. ಎರಡೂ ಟೈರಿಗೆ ಒಂದೇ ಪ್ರಮಾಣದ ಗಾಳಿ ತುಂಬಿ, ಲಾರಿಯಿಂದ ಬಿಚ್ಚಿದ ಸ್ಥಿತಿಯಲ್ಲಿ, ಟ್ರೆಡ್ಡಿನ ನಡುಮಧ್ಯದ ಮೇಲೆ ಟೇಪನ್ನು ಸುತ್ತಿ ಸುತ್ತಳತೆ ತೆಗೆಯುವುದು ಒಳ್ಳೆಯ ವಿಧಾನ. ಟೇಪಿಲ್ಲದಿದ್ದರೆ ಹಿಗ್ಗದ ದಾರವೂ ಆಗುತ್ತದೆ. ದಾರಕ್ಕೆ ಗಂಟು ಹಾಕಿ ಇನ್ನೊಂದು ಟೈರಿಗೆ ಸುತ್ತಿ ನೋಡಿದರೆ ವ್ಯತ್ಯಾಸ ತಾನೇ ಕಾಣುತ್ತದೆ. ಹೊಸ ಟೈರು ಗಾಳಿ ತುಂಬಿದ ಮೇಲೆ ಸ್ವಲ್ಪ ಹಿಗ್ಗುವುದರಿಂದ ಒಂದು ದಿನ ಬಿಟ್ಟು ಅಳೆಯಬೇಕು. 8.25 ಮತ್ತು ಅದಕ್ಕಿಂತ ಸಣ್ಣ ಅಗಲದ ಟೈರುಗಳಲ್ಲಿ ಸುತ್ತಳತೆಯ ವ್ಯತ್ಯಾಸ ಮುಕ್ಕಾಲು ಅಂಗುಲ, ಅಂದರೆ 19 ಮಿಲಿಮೀಟರಿಗೆ ಮೀರಬಾರದು. 9.00 ಮತ್ತು ಅದಕ್ಕಿಂತ ದೊಡ್ಡ ಟೈರುಗಳಲ್ಲಿ ಒಂದೂವರೆ ಅಂಗುಲ, ಅಂದರೆ 38 ಮಿಲಿಮೀಟರಿಗೆ ಮೀರಬಾರದು. ಒಂದೇ ಕಂಪನಿಯ ಒಂದೇ ಮಾದರಿಯ ಟೈರುಗಳಾಗಿದ್ದರೆ ಗೀರಿನ ಆಳ ನೋಡಿಯೂ ಅಂದಾಜು ಮಾಡಬಹುದು. ದೊಡ್ಡ ಟೈರುಗಳಲ್ಲಿ ಎರಡರ ಗೀರಿನ ಆಳಕ್ಕೆ 6 ಮಿಲಿಮೀಟರಿಗಿಂತ ಹೆಚ್ಚು ಅಂತರವಿದ್ದರೆ ಅವು ಜೋಡಿಯಲ್ಲ. ಕಂಪನಿ ಬೇರೆಯಾದರೆ ಆಳದ ಲೆಕ್ಕವನ್ನು ನಂಬಬಾರದು. ಗೋಡೆಯ ಮೇಲೆ ಒಂದೇ ಅಳತೆ ಬರೆದಿದ್ದರೂ ನಿಜವಾದ ಸುತ್ತಳತೆ ಕಂಪನಿಯಿಂದ ಕಂಪನಿಗೆ ಬೇರೆಯಿರುತ್ತದೆ.

ಈ ಮಿತಿಯೊಳಗೆ ಸ್ವಲ್ಪ ವ್ಯತ್ಯಾಸವಿದ್ದೇ ಇರುತ್ತದೆ. ಆಗ ದೊಡ್ಡದನ್ನು ಹೊರಗೆ, ಚಿಕ್ಕದನ್ನು ಒಳಗೆ ಹಾಕಬೇಕು. ಹಳ್ಳಿಯ ಕಡೆಯ ಕಿರಿದಾದ ರಸ್ತೆ ನಡುವೆ ಉಬ್ಬಿ ಎರಡೂ ಅಂಚಿಗೆ ಇಳಿಜಾರಾಗಿರುತ್ತದೆ. ಲಾರಿ ಅದರ ನಡುವೆಯೇ ಓಡುತ್ತದೆ. ಒಳಟೈರುಗಳು ಉಬ್ಬಿನ ಕಡೆಗಿರುವುದರಿಂದ ಮೊದಲೇ ಅವುಗಳ ಮೇಲೆ ಭಾರ ಹೆಚ್ಚು. ಅಲ್ಲಿಗೆ ದೊಡ್ಡ ಟೈರು ಹಾಕಿದರೆ ಹೊರಟೈರು ಸುಮ್ಮನೆ ಜೊತೆಗೆ ಉರುಳುವ ನೆಂಟನಾಗುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ಲಾರಿಯ ಮುಂದಿನ ಎರಡು ಟೈರುಗಳಲ್ಲಿ 11 ಮಿಲಿಮೀಟರ್ ಗೀರು ಉಳಿದಿದೆ. ಹಿಂದೆ ಬಲಗಡೆ 8 ಮತ್ತು 7. ಎಡಗಡೆ ಹೊರಟೈರು 8, ಒಳಟೈರು ಒಡೆದಿದೆ. ಸ್ಟೆಪ್ನಿಯಲ್ಲಿ 9 ಇದೆ. ಮಾಲೀಕನ ಕೈಯಲ್ಲಿ ಒಂದೇ ಟೈರಿನ ಹಣವಿದ್ದರೆ, 9ರ ಸ್ಟೆಪ್ನಿ 8ರ ಪಕ್ಕದಲ್ಲೇ ಉಳಿಯಲಿ. ದೊಡ್ಡದಾದ ಅದನ್ನು ಹೊರಗೆ ತಂದು 8ರದನ್ನು ಒಳಗೆ ಹಾಕಿದರೆ ಇನ್ನೂ ಒಳ್ಳೆಯದು. ಹೊಸ ಟೈರು ಸ್ಟೆಪ್ನಿಯಾಗಿ ಮೇಲೆ ಕೂರಲಿ. ಹಣ ಸುರಿದು ತಂದ ಟೈರನ್ನು ಓಡಿಸದೆ ಕಟ್ಟಿಡಲು ಮನಸ್ಸು ಬರುವುದಿಲ್ಲ ನಿಜ. ಆದರೆ 16ನ್ನು 8ರ ಪಕ್ಕ ಹಾಕಿದರೆ ಮೇಲೆ ಹೇಳಿದ 600 ಕಿಲೋಮೀಟರಿನ ಲೆಕ್ಕ ಅಂದಿನಿಂದಲೇ ಶುರು. ಬದಲಿಗೆ ಎರಡನೆಯ ಹೊಸ ಟೈರಿಗೆ ಹಣ ಕೂಡಿದಾಗ ಎರಡನ್ನೂ ಒಟ್ಟಿಗೆ ಮುಂದಿನ ಚಕ್ರಗಳಿಗೆ ಹಾಕಬೇಕು. ಮುಂದಿನ 11ರ ಎರಡು ಟೈರು ಹಿಂದೆ ಒಂದು ಪಕ್ಕಕ್ಕೆ ಜೋಡಿಯಾಗಿ ಹೋಗುತ್ತವೆ. ಇನ್ನೊಂದು ಪಕ್ಕಕ್ಕೆ 8ರ ಎರಡು. 9 ಮತ್ತೆ ಸ್ಟೆಪ್ನಿ. 7 ಉಳಿಯಿತು, ಅದರ ಮೈ ಚೆನ್ನಾಗಿದ್ದರೆ ಮೊದಲು ರೀಟ್ರೆಡಿಂಗಿಗೆ ಹೋಗುವ ಸರದಿ ಅದರದು.

ಇಲ್ಲಿ ಎಡ ಜೋಡಿಗೂ ಬಲ ಜೋಡಿಗೂ ಸ್ವಲ್ಪ ವ್ಯತ್ಯಾಸ ಉಳಿಯಿತಲ್ಲ ಎಂದು ಕೆಲವರು ಕೇಳಬಹುದು. ಉಳಿಯುತ್ತದೆ. ಎರಡು ಪಕ್ಕದ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಡಿಫರೆನ್ಷಿಯಲ್ ಅವಕಾಶ ಕೊಡುವುದರಿಂದ ಟೈರಿಗೆ ಇದು ಅಷ್ಟು ತೊಂದರೆಯಲ್ಲ. ಆದರೆ ವ್ಯತ್ಯಾಸ ದೊಡ್ಡದಿದ್ದರೆ ನೇರ ರಸ್ತೆಯಲ್ಲೂ ಡಿಫರೆನ್ಷಿಯಲ್ಲಿನ ಹಲ್ಲುಗಳು ಬಿಡುವಿಲ್ಲದೆ ತಿರುಗಿ ಸವೆಯುತ್ತವೆ. ಆದುದರಿಂದ ಮೊದಲು ಜೋಡಿಯೊಳಗೆ ಸಮ, ಆಮೇಲೆ ಸಾಧ್ಯವಾದಷ್ಟು ಎರಡು ಪಕ್ಕಕ್ಕೂ ಸಮ.

ಟೈರುಗಳ ಸ್ಥಳ ಬದಲಾಯಿಸುವುದಕ್ಕೆ ಇಂತಿಷ್ಟು ಕಿಲೋಮೀಟರ್ ಎಂದು ಗಡುವು ಹಾಕಿಕೊಳ್ಳುವುದು ವಾಡಿಕೆ. ಹೆದ್ದಾರಿಯಲ್ಲೇ ಓಡುವ ಲಾರಿಗೆ ಅದು ಸರಿಹೋಗಬಹುದು. ಕೂಳೆ ಚುಚ್ಚುವ ಗದ್ದೆ, ಜಲ್ಲಿ ಹರಡಿದ ಕಾಲುವೆ ದಾರಿ, ಘಟ್ಟ, ಹೆದ್ದಾರಿ ಎಲ್ಲವನ್ನೂ ತುಳಿಯುವ ರೈತರ ಲಾರಿಗೆ ಗಡುವಿಗಿಂತ ಅಳತೆಯೇ ಮೇಲು. ತಿಂಗಳಿಗೊಮ್ಮೆ ಆರೂ ಟೈರುಗಳ ಗೀರಿನ ಆಳವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಯಾವುದು ಬೇಗ ಸವೆಯುತ್ತಿದೆ ಎಂಬುದು ಎರಡು ಮೂರು ತಿಂಗಳಲ್ಲೇ ಗೊತ್ತಾಗುತ್ತದೆ. ಜೋಡಿಯೊಳಗಿನ ಅಂತರ ಮಿತಿಯನ್ನು ಮುಟ್ಟುವ ಮೊದಲೇ ಬದಲಾಯಿಸಬೇಕು.

ತಿರುವುಗಳಲ್ಲಿ ಹೊರಟೈರುಗಳಿಗೆ ಉಜ್ಜಾಟ ಹೆಚ್ಚು. ಒಳಗಿನದನ್ನು ಹೊರಕ್ಕೂ ಹೊರಗಿನದನ್ನು ಒಳಕ್ಕೂ ಹಾಕುವುದು ಸರಳವಾದ ಬದಲಾವಣೆ. ಇದರಲ್ಲಿ ಒಂದು ಸೂಕ್ಷ್ಮವಿದೆ. ಜೋಡಿ ಚಕ್ರದಲ್ಲಿ ಎರಡು ಡಿಸ್ಕುಗಳು ಬೆನ್ನಿಗೆ ಬೆನ್ನು ಕೊಟ್ಟಂತೆ ಕೂರುತ್ತವೆ. ಒಂದೇ ಪಕ್ಕದಲ್ಲಿ ಒಳಗಿನ ಚಕ್ರವನ್ನು ಹೊರಗೆ ತಂದಾಗ ಅದರ ಮುಖ ತಿರುಗುತ್ತದೆ, ಹಾಗಾಗಿ ಟೈರು ಉರುಳುವ ದಿಕ್ಕೂ ತಿರುಗುತ್ತದೆ. ದಪ್ಪ ಗಟ್ಟಿಗಳಿರುವ ಹಿಂದಿನ ಟೈರುಗಳಲ್ಲಿ ಪ್ರತಿ ಗಟ್ಟಿಯ ಒಂದು ಅಂಚು ಸವೆದು ಇನ್ನೊಂದು ಅಂಚು ಎತ್ತರವಾಗಿ ಉಳಿದು ಗರಗಸದ ಹಲ್ಲಿನಂತೆ ಆಗುವುದನ್ನು ನೋಡಿರಬಹುದು. ಕೈಯಾಡಿಸಿದರೆ ಒಂದು ದಿಕ್ಕಿನಲ್ಲಿ ನಯ, ಇನ್ನೊಂದು ದಿಕ್ಕಿನಲ್ಲಿ ಚುಚ್ಚುತ್ತದೆ. ಇಂತಹ ಟೈರಿಗೆ ದಿಕ್ಕು ಬದಲಾಯಿಸುವುದೇ ಮದ್ದು. ಕ್ರಮೇಣ ಹಲ್ಲು ಸಮನಾಗುತ್ತದೆ. ಆದರೆ ಟೈರಿನ ಗೋಡೆಯ ಮೇಲೆ ದಿಕ್ಕಿನ ಬಾಣದ ಗುರುತಿದ್ದರೆ ಹಾಗೆ ಮಾಡಬಾರದು. ಅಂತಹ ಟೈರನ್ನು ಎಡಗಡೆಯ ಒಳಗಿನಿಂದ ಬಲಗಡೆಯ ಹೊರಕ್ಕೆ, ಬಲಗಡೆಯ ಒಳಗಿನಿಂದ ಎಡಗಡೆಯ ಹೊರಕ್ಕೆ ಸಾಗಿಸಿದರೆ ದಿಕ್ಕು ಮೊದಲಿನಂತೆಯೇ ಉಳಿಯುತ್ತದೆ.

ಮುಂದಿನ ಚಕ್ರಗಳಲ್ಲಿ ಉದ್ದುದ್ದ ಗೀರಿನ ಟೈರು, ಹಿಂದಿನವುಗಳಲ್ಲಿ ಗಟ್ಟಿಗಳ ಟೈರು ಹಾಕುವ ಪದ್ಧತಿಯಿದೆ. ಮುಂದಿನಿಂದ ಹಿಂದಕ್ಕೆ ಬಂದ ಉದ್ದ ಗೀರಿನ ಜೋಡಿ ಡಾಂಬರು ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತದೆ, ಕೆಸರಿನಲ್ಲಿ ಮಾತ್ರ ಜಾರುತ್ತದೆ. ಮಳೆಗಾಲದಲ್ಲಿ ಎರೆಮಣ್ಣಿನ ಹೊಲಕ್ಕೆ ಇಳಿಯಬೇಕಾದ ಲಾರಿಯಲ್ಲಿ ಇದನ್ನು ನೆನಪಿಡಬೇಕು. ಜೋಡಿಯೊಳಗೆ ಒಂದು ಉದ್ದ ಗೀರಿನದು, ಒಂದು ಗಟ್ಟಿಯದು ಬೇಡ. ರೇಡಿಯಲ್ ಟೈರನ್ನೂ ಹಳೆಯ ಮಾದರಿಯ ನೈಲಾನ್ ಟೈರನ್ನೂ ಒಂದೇ ಅಚ್ಚಿನಲ್ಲಿ ಸೇರಿಸಲೇಬಾರದು. ಭಾರ ಬಿದ್ದಾಗ ಇವೆರಡೂ ಕುಗ್ಗುವ ರೀತಿಯೇ ಬೇರೆ. ನಿಂತಾಗ ಸಮನಾಗಿ ಕಂಡರೂ ಓಡುವಾಗ ಸಮನಲ್ಲ.

ಈಗ ಗಾಳಿ. ಎಷ್ಟು ಜಾಗರೂಕತೆಯಿಂದ ಜೋಡಿ ಮಾಡಿದರೂ ಗಾಳಿಯಲ್ಲಿ ವ್ಯತ್ಯಾಸವಿದ್ದರೆ ಆ ಜೋಡಿ ಜೋಡಿಯಲ್ಲ. ಒಳಟೈರಿಗೂ ಹೊರಟೈರಿಗೂ 5 ಪೌಂಡಿಗಿಂತ ಹೆಚ್ಚು ಅಂತರವಿರಬಾರದು. ಕ್ಲೀನರ್ ಹುಡುಗ ಕಬ್ಬಿಣದ ಸರಳಿನಿಂದ ಟೈರಿಗೆ ಬಡಿದು ಸದ್ದು ಕೇಳಿ ಗಾಳಿ ಸರಿಯಿದೆ ಎನ್ನುವುದು ಎಲ್ಲ ಕಡೆ ಕಾಣುವ ದೃಶ್ಯ. ಬಡಿತದಿಂದ ತಿಳಿಯುವುದು ಟೈರು ಪೂರ್ತಿ ಇಳಿದಿದೆಯೇ ಎಂಬುದಷ್ಟೆ. 110 ಪೌಂಡು ಇರಬೇಕಾದಲ್ಲಿ 85 ಇದ್ದರೆ ಸದ್ದಿನಲ್ಲಿ ಏನೂ ಗೊತ್ತಾಗುವುದಿಲ್ಲ. ಇರಬೇಕಾದ ಗಾಳಿಯ ನೂರಕ್ಕೆ 80 ಭಾಗಕ್ಕಿಂತ ಕಡಿಮೆಯಲ್ಲಿ ಓಡಿದ ಟೈರನ್ನು ಖಾಲಿ ಓಡಿದ ಟೈರೆಂದೇ ಎಣಿಸಿ, ಬಿಚ್ಚಿ ಒಳಗೆ ಪರೀಕ್ಷಿಸಬೇಕೆಂಬುದು ಟೈರು ತಜ್ಞರ ನಿಯಮ. ಹಾಗೆ ಓಡಿದ ಉಕ್ಕಿನ ತಂತಿಯ ರೇಡಿಯಲ್ ಟೈರಿಗೆ ಸುಮ್ಮನೆ ಗಾಳಿ ತುಂಬಿದರೆ, ದಣಿದ ತಂತಿಗಳು ಸಾಲಾಗಿ ಹರಿದು ಗೋಡೆ ಸೀಳಿಹೋಗಬಹುದು. ಪಕ್ಕದಲ್ಲಿ ಕುಳಿತು ಗಾಳಿ ತುಂಬುವವನ ಪ್ರಾಣಕ್ಕೆ ಅಪಾಯ.

ಒಳಟೈರಿನಲ್ಲಿ ಗಾಳಿ ಹೋದದ್ದು ಚಾಲಕನಿಗೆ ಬೇಗ ತಿಳಿಯುವುದಿಲ್ಲ, ಏಕೆಂದರೆ ಹೊರಗಿನದು ಲಾರಿಯನ್ನು ಎತ್ತಿ ಹಿಡಿದಿರುತ್ತದೆ. ಅಚ್ಚಿನ ಮೇಲೆ 11 ಟನ್ ಇದ್ದರೆ ಆ ಒಂದು ಟೈರಿನ ಮೇಲೆ ಐದೂವರೆ ಟನ್. ಅದು ತಾಳಬಲ್ಲದ್ದು ಸುಮಾರು 3 ಟನ್. ಇಳಿದ ಟೈರೋ ಮಡಿಚಿ ಉಜ್ಜಿ ಕಾಯುತ್ತದೆ, ಎಷ್ಟೋ ಸಲ ಹೊಗೆಯೆದ್ದು ಹೊತ್ತಿಕೊಳ್ಳುತ್ತದೆ. ಹುಲ್ಲು, ಹತ್ತಿ, ಒಣ ತರಗು ಹೇರಿದ ಲಾರಿಯಲ್ಲಿ ಇದರ ಪರಿಣಾಮ ಊಹಿಸಬಹುದು.

ಗಾಳಿಯನ್ನು ಟೈರು ತಣ್ಣಗಿರುವಾಗ ಗೇಜಿನಿಂದಲೇ ನೋಡಬೇಕು. ಕಾರ್ಖಾನೆಯ ಅಂಗಳದಲ್ಲಿ ರಾತ್ರಿಯಿಡೀ ಸಾಲಿನಲ್ಲಿ ನಿಂತ ಲಾರಿಗೆ ಬೆಳಗಿನ ಜಾವ ಒಳ್ಳೆಯ ಹೊತ್ತು. ಓಡಿ ಬಿಸಿಯಾದ ಟೈರಿನಲ್ಲಿ ಗಾಳಿ ಏರಿರುವುದು ಸಹಜ. ಹೆಚ್ಚಾಯಿತೆಂದು ಅದನ್ನು ಬಿಟ್ಟರೆ ತಣ್ಣಗಾದಾಗ ಕಡಿಮೆಯಾಗುತ್ತದೆ. ಎಷ್ಟು ಪೌಂಡು ಎಂಬುದನ್ನು ಟೈರು ಕಂಪನಿಯ ಪಟ್ಟಿಯಲ್ಲಿ ಭಾರಕ್ಕೆ ತಕ್ಕಂತೆ ನೋಡಿಕೊಳ್ಳಬೇಕು. ಒಳಟೈರಿನ ವಾಲ್ವಿಗೆ ಕೈ ಎಟುಕದಿರುವುದೇ ಅದನ್ನು ಮರೆಯಲು ಕಾರಣವಾಗಿದ್ದರೆ, ಚಕ್ರ ಕೂರಿಸುವಾಗಲೇ ಹೊರಗಿನ ಡಿಸ್ಕಿನ ತೂತಿನ ಎದುರಿಗೆ ಒಳಗಿನ ವಾಲ್ವು ಬರುವಂತೆ, ಎರಡು ವಾಲ್ವುಗಳು ಎದುರುಬದುರಾಗಿ ನಿಲ್ಲುವಂತೆ ಇಡಬೇಕು. ಉದ್ದನೆಯ ವಾಲ್ವು ಕೊಳವೆ ಸಿಗುತ್ತದೆ. ವಾಲ್ವಿನ ಟೋಪಿ ಕಳೆದರೆ ಮಣ್ಣು ಸೇರಿ ಗಾಳಿ ಸೋರುತ್ತದೆ.

ಎರಡು ಟೈರುಗಳ ನಡುವಿನ ಸಂದನ್ನೂ ನೋಡುತ್ತಿರಬೇಕು. ಭಾರ ತುಂಬಿದಾಗ ಎರಡರ ಹೊಟ್ಟೆಗಳು ಒಂದಕ್ಕೊಂದು ತಾಗಬಾರದು. ಡಿಸ್ಕಿನ ಅಗಲ ಟೈರಿಗೆ ಹೊಂದದಿದ್ದರೆ ಇಲ್ಲವೇ ಗಾಳಿ ಕಡಿಮೆಯಿದ್ದರೆ ತಾಗಿ ಗೋಡೆ ತೇಯುತ್ತದೆ. ಸಂದಿನಲ್ಲಿ ಸಿಕ್ಕಿಕೊಂಡ ಕಲ್ಲು ಎರಡೂ ಟೈರಿನ ಗೋಡೆಯನ್ನು ಕೊರೆಯುತ್ತದೆ, ಇಲ್ಲವೇ ವೇಗದಲ್ಲಿ ಹಾರಿ ಹಿಂದೆ ಬರುವವರಿಗೆ ಬಡಿಯುತ್ತದೆ. ಹೊಲದಿಂದ ರಸ್ತೆಗೆ ಹತ್ತಿದ ಕೂಡಲೇ ನಿಲ್ಲಿಸಿ ಕಲ್ಲು ತೆಗೆಯಬೇಕು.

ಶಿರಾಡಿಯಂತಹ ಘಟ್ಟ ಇಳಿಯುವಾಗ ಬ್ರೇಕ್ ಡ್ರಮ್ಮಿನ ಕಾವು ಡಿಸ್ಕಿಗೆ, ಡಿಸ್ಕಿನಿಂದ ಟೈರಿನ ಅಂಚಿಗೆ ಹರಿಯುತ್ತದೆ. ಡ್ರಮ್ಮಿನ ಮೇಲೆಯೇ ಕೂತಿರುವ ಒಳಟೈರಿಗೆ ಇದರ ಪೆಟ್ಟು ಹೆಚ್ಚು. ಕೆಳಗಿನ ಗೇರಿನಲ್ಲಿ ಇಳಿಸುವುದು ಬ್ರೇಕಿಗೆ ಮಾತ್ರವಲ್ಲ, ಟೈರಿಗೂ ಒಳ್ಳೆಯದು.

ರೀಟ್ರೆಡಿಂಗ್ ಮಾಡಿಸುವ ಟೈರನ್ನು ಬೋಳಾಗುವವರೆಗೆ ಓಡಿಸಿ ಕಳಿಸುವವರಿದ್ದಾರೆ. ಅಷ್ಟು ಹೊತ್ತಿಗೆ ಒಳಗಿನ ಪದರಗಳಿಗೆ ಪೆಟ್ಟಾಗಿರುತ್ತದೆ. ಕಾನೂನಿನ ಕನಿಷ್ಠ ಆಳ 1.6 ಮಿಲಿಮೀಟರ್, ಗೀರಿನ ತಳದಲ್ಲಿರುವ ಸಣ್ಣ ಉಬ್ಬು ಗುರುತು ಇದನ್ನು ತೋರಿಸುತ್ತದೆ. ಟ್ರೆಡ್ಡು ಆ ಗುರುತಿಗೆ ಸಮನಾಗುವ ಮೊದಲೇ ಟೈರು ಕೆಳಗಿಳಿಯಬೇಕು. ರೀಟ್ರೆಡ್ ಟೈರನ್ನು ಮುಂದಿನ ಚಕ್ರಕ್ಕೆ ಹಾಕಬಾರದು. ಹಿಂದೆ ಹಾಕುವಾಗಲೂ ಎರಡು ರೀಟ್ರೆಡ್‌ಗಳನ್ನು ಅಳೆದು ಜೋಡಿ ಮಾಡಬೇಕು; ಓಡಿ ಹಿಗ್ಗಿದ ಟೈರಾದ್ದರಿಂದ ಅದು ಹೊಸದಕ್ಕಿಂತ ದೊಡ್ಡದಾಗಿರುವುದೂ ಉಂಟು. ಹಳೆಯ ಟೈರು ಕೊಳ್ಳುವವರು ಗೋಡೆಯ ಮೇಲಿನ ನಾಲ್ಕು ಅಂಕಿಯ ತಯಾರಿಕೆ ಗುರುತನ್ನು ಓದಬೇಕು. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಟ್ಯೂಬಿನ ಟೈರಾದರೆ ಹೊಸ ಟೈರಿಗೆ ಹೊಸ ಟ್ಯೂಬು, ಹೊಸ ಫ್ಲಾಪು. ಹಿಗ್ಗಿದ ಹಳೆಯ ಟ್ಯೂಬು ಒಳಗೆ ಮಡಿಕೆಬಿದ್ದು ಅಲ್ಲೇ ಸೀಳುತ್ತದೆ.

ಇನ್ನು ಬಿಚ್ಚುವ ಮತ್ತು ಕೂರಿಸುವ ಕೆಲಸ. ಟ್ಯೂಬಿನ ಟೈರಿನ ಡಿಸ್ಕುಗಳಲ್ಲಿ ಟೈರನ್ನು ಹಿಡಿದಿಡುವುದು ಲಾಕ್ ರಿಂಗು. ನೂರಕ್ಕೂ ಮಿಕ್ಕಿ ಪೌಂಡಿನ ಗಾಳಿ ಅದರ ಹಿಂದೆ ತಳ್ಳುತ್ತಿರುತ್ತದೆ. ತುಕ್ಕು ಹಿಡಿದ, ಬಾಗಿದ, ಬೇರೆ ಡಿಸ್ಕಿನದನ್ನು ತಂದು ಕೂರಿಸಿದ ರಿಂಗು ಹಾರಿದರೆ ಎದುರಿಗಿದ್ದವನು ಉಳಿಯುವುದು ಕಷ್ಟ. ಅಮೆರಿಕದಲ್ಲಿ 1980ರಲ್ಲಿ ಈ ಕೆಲಸಕ್ಕೆಂದೇ ಪ್ರತ್ಯೇಕ ಸುರಕ್ಷತಾ ನಿಯಮ ಮಾಡಿ, ಇಂತಹ ಚಕ್ರಕ್ಕೆ ಕಬ್ಬಿಣದ ಪಂಜರದೊಳಗಿಟ್ಟೇ ಗಾಳಿ ತುಂಬಬೇಕೆಂದು ವಿಧಿಸಿದರು. ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಪಂಜರವಿಲ್ಲದಿದ್ದರೆ ದಪ್ಪ ಸರಪಳಿಯನ್ನಾದರೂ ಡಿಸ್ಕಿನ ತೂತುಗಳ ಮೂಲಕ ಸುತ್ತಿ, ರಿಂಗನ್ನು ನೆಲದ ಕಡೆಗೆ ಮಾಡಿ, ಉದ್ದ ಕೊಳವೆಯಿಂದ ದೂರ ನಿಂತು ತುಂಬಬೇಕು. ಸರಪಳಿ ಪಂಜರಕ್ಕೆ ಸಮವಲ್ಲ. ಪಂಜರವಿರುವ ಅಂಗಡಿ ಹತ್ತಿರದಲ್ಲಿದ್ದರೆ ಅಲ್ಲಿಗೇ ಹೋಗುವುದು ಜಾಣತನ. ಗಾಳಿ ತುಂಬಿದ ರಿಂಗಿಗೆ ಸುತ್ತಿಗೆ ತಾಗಿಸಬಾರದು. ರಿಂಗು ಸರಿಯಾಗಿ ಕೂರದಿದ್ದರೆ ಗಾಳಿ ಪೂರ್ತಿ ಬಿಟ್ಟು ಮತ್ತೆ ಮೊದಲಿನಿಂದ ಶುರುಮಾಡಬೇಕು.

ಲಾರಿಯಿಂದ ಜೋಡಿ ಚಕ್ರ ಬಿಚ್ಚುವ ಮೊದಲು ಎರಡೂ ಟೈರಿನ ವಾಲ್ವು ಪಿನ್ನು ತೆಗೆದು ಗಾಳಿಯನ್ನೆಲ್ಲ ಬಿಡಬೇಕು. ಹೊರಗಿನದು ಚೆನ್ನಾಗಿದೆ, ಅದರ ಗಾಳಿ ಏಕೆ ಬಿಡಬೇಕು ಎಂದು ಉಳಿಸಿಕೊಳ್ಳುವುದು ತಪ್ಪು. ಡಿಸ್ಕು ಬಿರುಕುಬಿಟ್ಟಿದ್ದರೆ ಅದನ್ನು ಒತ್ತಿ ಹಿಡಿದಿರುವುದು ಆ ನಟ್ಟುಗಳೇ ಆಗಿರಬಹುದು. ಟೈರು ಕೂತಿರುವ ಡಿಸ್ಕಿಗೆ ವೆಲ್ಡಿಂಗ್ ಮಾಡಿಸುವುದು, ಹಿಡಿದುಕೊಂಡ ನಟ್ಟಿಗೆ ಗ್ಯಾಸಿನ ಉರಿ ಹಿಡಿಯುವುದು ಇವೆರಡನ್ನೂ ಯಾರೂ ಎಂದೂ ಮಾಡಬಾರದು. ಕಾವಿಗೆ ಟೈರಿನೊಳಗೆ ಹುಟ್ಟುವ ಅನಿಲ ಹೊತ್ತಿ ಟೈರು ಬಾಂಬಿನಂತೆ ಸಿಡಿಯುತ್ತದೆ. ಗಾಳಿ ಬಿಟ್ಟಿದ್ದರೂ ಅಪಾಯ ತಪ್ಪುವುದಿಲ್ಲ. ಮೊದಲು ಟೈರನ್ನು ಡಿಸ್ಕಿನಿಂದ ತೆಗೆದ ಮೇಲೆಯೇ ಬೆಂಕಿ ಮುಟ್ಟಿಸಬೇಕು.

ಭಾರ ಇಳಿಸಿ, ಗಟ್ಟಿ ಸಮನೆಲದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಡಬೇಕು. ಜಾಕಿನ ಕೆಳಗೆ ದಪ್ಪ ಹಲಗೆ ಇರಲಿ. ಎರೆನೆಲದಲ್ಲಿ ಹಲಗೆಯಿಲ್ಲದ ಜಾಕು ಮೆಲ್ಲಗೆ ಮುಳುಗುತ್ತದೆ. ಎತ್ತಿದ ಮೇಲೆ ಅಚ್ಚಿನ ಕೆಳಗೆ ಸ್ಟ್ಯಾಂಡು ಅಥವಾ ಗಟ್ಟಿ ಮರದ ದಿಮ್ಮಿ ಕೊಡದೆ ಕೆಲಸಕ್ಕೆ ಕೈ ಹಾಕಬಾರದು. ಒಳಟೈರನ್ನು ಹಲಗೆಯ ಮೇಲೆ ಹತ್ತಿಸಿ ಹೊರಟೈರು ನೆಲದಿಂದ ಎದ್ದಾಗ ಜಾಕಿಲ್ಲದೆಯೇ ಅದನ್ನು ಬಿಚ್ಚುವ ಉಪಾಯ ಚಾಲಕರಲ್ಲಿ ಬಳಕೆಯಲ್ಲಿದೆ. ಒಂದೇ ನಟ್ಟು ಎರಡೂ ಡಿಸ್ಕನ್ನು ಹಿಡಿದಿರುವ ಲಾರಿಗಳಲ್ಲಿ ಹೊರಗಿನ ನಟ್ಟು ತೆಗೆದರೆ ಭಾರ ಹೊತ್ತ ಒಳಚಕ್ರವೂ ಸಡಿಲವಾಗುತ್ತದೆ. ಈ ಉಪಾಯ ಬೇಡ. ಕೆಲವು ಹಳೆಯ ಲಾರಿಗಳಲ್ಲಿ ಎಡಪಕ್ಕದ ನಟ್ಟುಗಳಿಗೆ ಎಡಸುತ್ತಿನ ಮರೆ ಇರುತ್ತದೆ. ಪಾನಕ್ಕೆ ಕೊಳವೆ ತೊಡಿಸಿ ಬಲ ಹಾಕುವ ಮುಂಚೆ ಮರೆಯನ್ನು ನೋಡಿಕೊಳ್ಳಬೇಕು.

ಟೈರನ್ನು ಡಿಸ್ಕಿಗೆ ಏರಿಸುವಾಗ ಡೀಸೆಲ್, ಗ್ರೀಸು ಹಚ್ಚಬಾರದು, ಅವು ರಬ್ಬರನ್ನು ತಿನ್ನುತ್ತವೆ. ಸೋಪಿನ ನೀರು ಸಾಕು. ಡಿಸ್ಕುಗಳು ಹಬ್ಬಿಗೂ ಒಂದಕ್ಕೊಂದಕ್ಕೂ ತಾಗುವ ಮುಖವನ್ನು ತಂತಿಯ ಬ್ರಶ್ಶಿನಿಂದ ಉಜ್ಜಿ ಮಣ್ಣು, ತುಕ್ಕು, ದಪ್ಪ ಬಣ್ಣ ತೆಗೆಯಬೇಕು. ಅಲ್ಲಿ ಉಳಿದ ಮಣ್ಣಿನ ಪದರ ನಾಲ್ಕು ದಿನದಲ್ಲಿ ಪುಡಿಯಾಗಿ ಉದುರುತ್ತದೆ, ನಟ್ಟು ಅಷ್ಟು ಸಡಿಲವಾಗುತ್ತದೆ. ನಟ್ಟುಗಳನ್ನು ವೃತ್ತಾಕಾರವಾಗಿ ಒಂದಾದ ಮೇಲೊಂದರಂತೆ ಬಿಗಿಯದೆ ಎದುರುಬದುರಿನವನ್ನು ಬಿಗಿಯುತ್ತ, ಮೊದಲು ಅರ್ಧ, ಆಮೇಲೆ ಪೂರ್ತಿ ಬಿಗಿಯಬೇಕು. ತೂತು ಮೊಟ್ಟೆಯಾಕಾರಕ್ಕೆ ತಿರುಗಿದ ಡಿಸ್ಕನ್ನು ಮತ್ತೆ ಹಾಕಬಾರದು. ಹೀಗೆ ಬಿಗಿದ ಚಕ್ರ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಲಾರಿ ನಿಲ್ಲಿಸಿ ಎಲ್ಲ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಬೇಕು. ಹೊರಡುವ ಮೊದಲೇ ಆ ಜಾಗ ಯಾವ ಊರಿನ ಹತ್ತಿರ ಬರುತ್ತದೆಂದು ಲೆಕ್ಕ ಹಾಕಿ ಚಾಲಕನಿಗೆ ಹೇಳಿ, ಪಾನವನ್ನು ಸೀಟಿನ ಕೆಳಗೆ ಇಟ್ಟು ಕಳಿಸಬೇಕು.